ಎರಡು ಬಡಿತ, ಆಮೇಲೊಂದು

ನದಿಗೆ ಮುಖ ಮಾಡಿದ ವಸತಿಗೃಹ, ಎರಡನೇ ಮಹಡಿ
ಮಾರ್ಚ್ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಕೈ ಸಡಿಲ ಬಿಟ್ಟು ಹೊಡೆಯಬೇಕು, ಬಿಗಿ ಹಿಡಿದರೆ ಸದ್ದು ನಡುನೀರಿನಲ್ಲೇ ಬಿದ್ದುಹೋಗುತ್ತದೆ ಎಂದದ್ದು ನೀನೋ, ದೋಣಿಮಾವನೋ? ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಇರಲಿ, ಮೊದಲು ಕೇಳಬೇಕಾದ್ದು: ಹೇಗಿದ್ದೀಯ? ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕಿ ಹಾಕಿ ಊದಿಕೊಳ್ಳುತ್ತಿದ್ದ ಹೆಬ್ಬೆರಳು ಈಗ ಹೇಗಿದೆ? ನಿನ್ನ ವಿಳಾಸ ಚಿಕ್ಕಮ್ಮನೊಬ್ಬಳಿಗೇ ಗೊತ್ತು; ಕೇಳಿದರೆ ಮಾತು ಹಾರಿಸುತ್ತಾಳೆ. ಈ ಪತ್ರವನ್ನು ಅವಳ ಕೈಗೇ ಕೊಡುತ್ತೇನೆ. ನಾನು ಚೆನ್ನಾಗಿದ್ದೇನೆ. ಕನ್ನಡಕ ಬಂದಿದೆ, ಕೂದಲು ಹೋಗಿದೆ. ನೀನು ಮೊರಗಿವಿ ಎಂದು ಅಣಕಿಸುತ್ತಿದ್ದ ಕಿವಿಗಳು ಮಾತ್ರ ಹಾಗೇ ಇವೆ. ಗುರುತು ಹಿಡಿಯಲು ಅಷ್ಟು ಸಾಕು.

ಕಚೇರಿ ಕೆಲಸ ಎಂದು ಹೆಂಡತಿಗೆ ಹೇಳಿ ನಮ್ಮ ಹಳೆಯ ಊರಿಗೆ ಬಂದೆ. ಕೆಲಸ ಅರ್ಧ ಗಂಟೆಯದು. ಉಳಿದ ಎರಡು ದಿನ ತಿರುಗಿದ್ದೇ ತಿರುಗಿದ್ದು. ನೀನು ಕೂರುತ್ತಿದ್ದ ಟೈಲರ್ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಬಟ್ಟೆ ಕತ್ತರಿಸುವ ಉದ್ದ ಮೇಜನ್ನು ಹೊರಹಾಕಲು ಬಾಗಿಲು ಸಾಲಲಿಲ್ಲವಂತೆ. ಅದರ ಅಂಚಿನಲ್ಲಿ ಸೀಮೆಸುಣ್ಣದ ನೀಲಿ ಇನ್ನೂ ಇದೆ. ಹೊಸ ಸೇತುವೆ ದಾಟಿ ಆಚೆ ದಡದಲ್ಲಿ ನಡೆದೆ. ಮರಳಿನಲ್ಲಿ ಕಲ್ಲಂಗಡಿ ಬಳ್ಳಿ, ಇಟ್ಟಿಗೆ ಗೂಡಿನ ಹೊಗೆ, ಆಳೆತ್ತರದ ಜೋಳ. ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಕಿಟಕಿಗೆ ಹಸಿರು ಬಳಿದಿದ್ದಾರೆ. ನನಗೆ ಏನೂ ಅನಿಸಲಿಲ್ಲ. ಏನೂ ಅನಿಸದಿರುವುದನ್ನು ಸ್ವಲ್ಪ ಹೊತ್ತು ನಿಂತು ಗಮನಿಸಿದೆ.

ಪೇಟೆಯ ದಡಕ್ಕೆ ಮರಳಿದಾಗ ಮರ ಕಂಡಿತು, ಅದರಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡೂ. ದೋಣಿ ಬೇಕಾದವರೆಲ್ಲ ಅದನ್ನು ಬಡಿಯಬೇಕಿತ್ತು, ಒಬ್ಬೊಬ್ಬರದು ಒಂದೊಂದು ಬಡಿತ. ಮೇಷ್ಟ್ರದು ನಾಲ್ಕು. "ನಿಧಾನ ಹೋದ್ರಾಯ್ತು, ದಾರಿಯುದ್ದಕ್ಕೂ ಪಾಠ ಮಾಡ್ತಾರೆ" ಎಂದು ದೋಣಿಮಾವ ಆಚೆ ದಡದಲ್ಲಿ ಬೀಡಿ ಮುಗಿಸಿಯೇ ಏಳುತ್ತಿದ್ದ. ನಿನ್ನದು ಎರಡು, ಸ್ವಲ್ಪ ತಡೆದು ಇನ್ನೊಂದು. ಅದಕ್ಕೆ ಮಾತ್ರ ಓಡುತ್ತಿದ್ದ.

ನೀನು ಮನೆಗೆ ಮರಳದೇ ಹೋದ ಆ ಸಂಜೆ ಅವನು ಮಗಳ ಮನೆಗೆ ಹೋಗಿದ್ದ. ಅಂಗಡಿ ಕೆಲಸ ಬಿಡುವುದಿಲ್ಲ ಎಂದು ಹಿಂದಿನ ದಿನ ನೀನು ಹೇಳಿದ್ದಕ್ಕೆ ಅಪ್ಪ, "ಹಾಗಾದ್ರೆ ಆ ದಡದಲ್ಲೇ ಇರು" ಎಂದಿದ್ದರು. ದೋಣಿ ನಮ್ಮ ಹಿತ್ತಿಲ ಕೆಳಗೇ ಕಟ್ಟಿತ್ತು. ಹದಿನೇಳರ ನನಗೆ ಹುಟ್ಟು ಹಾಕಲು ಬರುತ್ತಿತ್ತು. ನಿನ್ನ ಬಡಿತ ಮೂರು ಸಲ ಕೇಳಿಸಿತು. ನಾನು ಅಪ್ಪನ ಮುಖ ನೋಡಿದೆ. ಅವರು ಪತ್ರಿಕೆಯಿಂದ ಕಣ್ಣೆತ್ತದೆ "ಗಾಳಿ ಕಣೋ" ಎಂದರು. ಗಾಳಿ ಎಂದು ನಾನೂ ಒಪ್ಪಿಕೊಂಡೆ. ಇಪ್ಪತ್ತೆಂಟು ವರ್ಷದಿಂದ ಒಪ್ಪಿಕೊಳ್ಳುತ್ತಲೇ ಇದ್ದೇನೆ.

ನಿನ್ನೆ ಕಲ್ಲೆತ್ತಿಕೊಂಡು ನಿನ್ನ ಬಡಿತವನ್ನೇ ಹೊಡೆದೆ. ಯಾಕೆಂದು ಕೇಳಬೇಡ. ಆಚೆ ದಡದಲ್ಲಿ ಕಲ್ಲಂಗಡಿ ಬುಟ್ಟಿಗಳ ನಡುವಿನಿಂದ ಒಬ್ಬ ಮುದುಕ ಎದ್ದ, ಹಗ್ಗ ಬಿಚ್ಚಿದ, ಸರಸರ ಬಂದ. "ಬಂದ್ಯಾ ತಾಯಿ" ಎಂದವನು ನನ್ನ ಕಿವಿ ಕಂಡು ಹುಟ್ಟನ್ನು ದೋಣಿಯೊಳಗೆ ಬಿಸಾಕಿದ. "ಥೂ, ನೀನಾ. ಇಷ್ಟಗಲ ಕಿವಿ ಇಟ್ಕೊಂಡು ಅವತ್ತು ಕೇಳಿಸ್ಲಿಲ್ವೇನೋ?" ಕೇಳಿಸಿತ್ತು ಎಂದೆ. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅವನೊಬ್ಬನಿಗೆ, ಈಗ ನಿನಗೆ. ಅವನು ಹುಟ್ಟನ್ನು ನನ್ನ ಕೈಗಿತ್ತು ಎದುರು ಕುಳಿತ. ಅಂಗೈಯಲ್ಲಿ ಬೊಬ್ಬೆ ಬಂದಿದೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ಅಪ್ಪ ಹೋಗಿ ಎಂಟು ವರ್ಷವಾಯಿತು, ಚಿಕ್ಕಮ್ಮ ತಿಳಿಸಿರಬೇಕು. ಸೂಜಿಗೆ ದಾರ ಪೋಣಿಸುವಾಗ ಕನ್ನಡಕ ಹಾಕಿಕೋ. ಹುಷಾರಾಗಿರು.

ನಿನ್ನ ತಮ್ಮ,
ಮೊರಗಿವಿ

ಮರೆತಿದ್ದೆ: ಇಳಿಯುವಾಗ ದೋಣಿಮಾವ ಹೇಳಿದ. "ಹೋದ ಬೇಸಿಗೇಲೂ ಇದೇ ಬಡಿತ ಕೇಳಿಸ್ತು ಕಣೋ. ನಾನು ನಡುನೀರಿಗೆ ಬರೋಷ್ಟರಲ್ಲಿ ಯಾರೂ ಇರ್ಲಿಲ್ಲ. ವಯಸ್ಸಾಯ್ತಲ್ಲ, ಮೊದಲಿನ ಓಟ ಇಲ್ಲ. ಗಾಳಿ ಇರ್ಬೇಕು ಅಂದ್ಕೊಂಡೆ." ಆ ಕಂಬಿಯನ್ನು ನಾನು ಕೈಯಾರೆ ತಳ್ಳಿ ನೋಡಿದ್ದೇನೆ, ಅಕ್ಕಾ. ಅದನ್ನು ಅಲ್ಲಾಡಿಸುವ ಗಾಳಿ ಇನ್ನೂ ಹುಟ್ಟಿಲ್ಲ. ಬರುವ ತಿಂಗಳ ಮೊದಲ ಭಾನುವಾರ ಸಂಜೆ ನಾನು ಆಚೆ ದಡದಲ್ಲಿ ದೋಣಿಯೊಳಗೇ ಕುಳಿತಿರುತ್ತೇನೆ, ಹಗ್ಗ ಬಿಚ್ಚಿಕೊಂಡು. ಇನ್ನೊಂದು ಸಲ ಹೊಡೆಯುತ್ತೀಯಾ?