ದಕ್ಷಿಣದ ಕೊನೆಯ ಚುಕ್ಕೆ

ಟ್ರೊಂಡ್‌ಹೈಮ್
ಮಾರ್ಚ್ ೧೪

ನನ್ನ ಅಮ್ಮನಿಗೆ,

ಫೋನಿನಲ್ಲೇ ಹೇಳಬೇಕೆಂದು ಹೊರಟೆ. ನೀನು ಕುರಿಗಳ ಸುದ್ದಿ ತೆಗೆದೆ, ನಾನೂ ಅದರಲ್ಲೇ ಅಡಗಿಕೊಂಡೆ. ಅದಕ್ಕೇ ಈ ಕಾಗದ.

ಹೊಸ ಸಸ್ಯ ನಕ್ಷೆಯಲ್ಲಿ ನಮ್ಮ ಬೆಟ್ಟದ ಚುಕ್ಕೆ ಇರುವುದಿಲ್ಲ.

ಸಸ್ಯಶಾಸ್ತ್ರ ಓದಲು ಹೋದಾಗಿನಿಂದ ತಮ್ಮ ಸ್ಟೈನಾರ್ ಊಟಕ್ಕೆ ಕೂತರೆ ಅದೇ ಮಾತು: ತೆನೆಯಲ್ಲಿ ಬೀಜದ ಬದಲು ಪುಟ್ಟ ಸಸಿಗಳನ್ನೇ ಹೊರುವ ಆ ಧ್ರುವದ ಹುಲ್ಲು ನಮ್ಮ ಬೆಟ್ಟದಲ್ಲೂ ಇದೆ ಎಂದು. "ಹುಲ್ಲು ಹುಡುಕೋಕೆ ಅಷ್ಟು ಓದ್ಬೇಕಿತ್ತೇನೋ? ನನ್ನ ಕುರಿ ದಿನಾ ಹುಡುಕುತ್ತೆ," ಎಂದು ಪಕ್ಕದ ಮನೆಯ ಹಾಲ್ವೊರ್ ರೇಗಿಸುತ್ತಿದ್ದ. "ನಿನ್ನ ಕುರಿ ಹುಡುಕಿ ತಿಂದ್ಬಿಡುತ್ತಲ್ಲ ಮಾವ," ಎಂದು ಇವನು.

ಹಿಮಕುಸಿತದಲ್ಲಿ ಸ್ಟೈನಾರ್ ತೀರಿಹೋದ ಮೇಲಿನ ಎರಡನೆಯ ಬೇಸಿಗೆ, ಬೆಟ್ಟದ ಗುಡಿಸಲ ಹಿಂದೆ ನೀನೇ ಆ ಹುಲ್ಲನ್ನು ಕಂಡೆ. ಮೊದಲು ತಜ್ಞರು ಬೇರೆಯೇ ಜಾತಿ ಎಂದರು, ಆಮೇಲೆ ಉತ್ತರದ ಜಾತಿಗೇ ಸೇರಿಸಿದರು; ಅಂತೂ ಆ ಹುಲ್ಲು ಬೆಳೆಯುವ ದಕ್ಷಿಣದ ಕೊನೆಯ ನೆಲೆ ಅದಾಯಿತು, ಚುಕ್ಕೆಯ ಪಕ್ಕ ಅವನ ಹೆಸರು ಬಂತು. "ನನ್ನ ಮಗ ಸುಮ್ಸುಮ್ನೆ ಹೇಳೋನಲ್ಲ ಕಣೇ," ಎಂದೆ ನೀನು. ಹಾಲ್ವೊರ್ ತಾನಾಗಿಯೇ ಬಂದು ಬೇಲಿ ಹಾಕಿಕೊಟ್ಟ.

ಈ ಸಲ ನಕ್ಷೆಯ ಸಮಿತಿ ಹುಲ್ಲಿನ ಡಿಎನ್‌ಎ ಪರೀಕ್ಷೆ ಕೇಳಿತು. ನಮ್ಮ ಹುಲ್ಲು ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಗಳ ಒಂದು ಕಣಿವೆಯ ಹುಲ್ಲಿನ ತದ್ರೂಪು. ತನ್ನ ಕೊನೆಯ ಬೇಸಿಗೆಯಲ್ಲಿ ಸ್ಟೈನಾರ್ ಡೇರೆ ಹಾಕಿದ್ದು ಅದೇ ಕಣಿವೆಯಲ್ಲಿ. ಅಲ್ಲಿಂದ ಅವನು ನೇರ ಗುಡಿಸಲಿಗೇ ಬಂದಿದ್ದ. ಕೆಸರು ಬೂಟು ಒಳಗೆ ತಂದನೆಂದು ಬೈದು, ಅವನ್ನೂ ಉಣ್ಣೆಯ ಕಾಲುಚೀಲಗಳನ್ನೂ ನೀನು ಹಿಂದುಗಡೆ ಕೊಡವಿ ತಿಕ್ಕಿದೆ. ಅವಕ್ಕೆ ಅಂಟಿ ಬಂದ ಸಸಿಗಳು ಅಲ್ಲೇ ಉದುರಿ ಬೇರೂರಿವೆ. ಮನುಷ್ಯರ ಜೊತೆ ಬಂದದ್ದನ್ನು ಸಹಜ ನೆಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಮ್ಮ. ಅವನ ಮಾತಿಗೆ ಇದ್ದ ಒಂದೇ ಸಾಕ್ಷಿ ಹೋಯಿತು.

ಅವನ ಬೂಟಿನಿಂದ ಬಿದ್ದದ್ದು ನಿನ್ನ ಕೈಯಿಂದ ಚಿಗುರಿತು ಎಂದು ಸಮಾಧಾನ ಹೇಳಬಹುದಿತ್ತು. ಬರೆದು ನೋಡಿದೆ, ನನಗೇ ಹಿಡಿಸಲಿಲ್ಲ. ನಿನಗೆ ಬೇಕಿದ್ದದ್ದು ಅವನ ಮಾತು ನಿಜವಾಗುವುದು.

ಈಸ್ಟರ್‌ಗೆ ಬರುತ್ತೇನೆ. ಬೈಯಬೇಕೆನಿಸಿದರೆ ಬೈದುಬಿಡು. ಸುಮ್ಮನೆ ಕಾಫಿ ಬಗ್ಗಿಸಿಕೊಡಬೇಡ.

ನಿನ್ನ
ಇಂಗುನ್

ತಾ.ಕ.: ಸಮಿತಿ ಕೇಳಿತು ಎಂದು ಮೇಲೆ ಬರೆದದ್ದು ಸುಳ್ಳು. ಯಾರೂ ಏನೂ ಕೇಳಿರಲಿಲ್ಲ. ಚುಕ್ಕೆ ಹಾಗೇ ಉಳಿಯುತ್ತಿತ್ತು. ಹುಲ್ಲನ್ನು ಪರೀಕ್ಷೆಗೆ ಕಳಿಸಿದವಳು ನಾನು. ಸ್ಟೈನಾರ್ ಹೇಳಿದ್ದು ನಿಜವೆಂಬ ಕಾಗದ ತರಿಸಿ, ನಿನ್ನ ಹುಟ್ಟುಹಬ್ಬಕ್ಕೆ ಕೊಡೋಣವೆಂದಿದ್ದೆ.