ಅಂಗೈಗೆ ಕೇಳುವ ಯಂತ್ರ

ಅಪ್ಪನಿಗೆ ಪ್ರೀತಿಯಿಂದ,

ಫೋನಿನಲ್ಲಿ ನೀವು ಅನ್ನುವ "ಹೂಂ, ಆಯ್ತು" ನಂಬಿ ನಾನು ಮೋಸ ಹೋದದ್ದು ಸಾಕು. ಅದಕ್ಕೇ ಈ ಪತ್ರ.

ನೀವು ದುಡಿಯುತ್ತಿದ್ದ ತಗಡಿನ ಕಾರ್ಖಾನೆಯಲ್ಲಿ ಈಗ ಕಿವಿ ಕಾಪಾಡಿಕೊಳ್ಳುವ ತರಬೇತಿ ನಡೆಯುತ್ತಿದೆ. ಹೇಳಿಕೊಡುವವಳು ನಾನೇ. ಮೊದಲ ದಿನ ಎಲ್ಲರಿಗೂ ಇಯರ್‌ಪ್ಲಗ್ ಹಂಚಿದೆ. ಎಲ್ಲರೂ ಒಂದೇ ಕಿವಿಗೆ ಹಾಕಿಕೊಂಡರು!

"ಇನ್ನೊಂದು ಕಿವಿ ಮಿಷನ್‌ಗೆ ಬೇಕು ಮೇಡಂ. ಅದು ನರಳೋದು ಕೇಳಿಸದಿದ್ರೆ ಅಚ್ಚು ಮುರಿಯುತ್ತೆ" ಅಂದರು ಹಿರಿಯ ಫಿಟ್ಟರ್. ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಅದಕ್ಕೆ ಸೋಮವಾರ ನೀವು ಬರಬೇಕು. ಕಿವಿ ಹೋದ ಮೇಲೂ ತಗಡು ಒತ್ತುವ ಪ್ರೆಸ್ಸಿನ ಪಕ್ಕೆಗೆ ಅಂಗೈ ಇಟ್ಟು ಅದರ ನರಳಾಟ ಹಿಡಿಯುತ್ತಿದ್ದಿರಲ್ಲ, ಅದನ್ನು ಕಲಿಸಿ. ನಿಮ್ಮ ಕೈಯಲ್ಲಿ ಒಂದು ಅಚ್ಚೂ ಮುರಿಯಲಿಲ್ಲ. ನಿಮಗೆ ಕೇಳಿಸುವುದಿಲ್ಲವೆಂದು ಯಾರಿಗೂ ಗೊತ್ತಾಗಲೂ ಇಲ್ಲ. ನೀವು ಹೇಳಿದರೆ ಅವರು ತುಟಿಪಿಟಕ್ಕೆನ್ನದೆ ಒಪ್ಪುತ್ತಾರೆ.

ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ, ವ್ಯಾನಿಗೆ ಹೇಳಿಯಾಗಿದೆ. ಗಡ್ಡ ಬೋಳಿಸಿಕೊಂಡಿರಿ. ಕನ್ನಡಕ ಮರೆಯಬೇಡಿ, ಮಾತಾಡುವವರ ತುಟಿ ನೋಡಲು ಬೇಕಾಗುತ್ತದೆ.

ಕೊನೆಗೆ ಯಾರಾದರೊಬ್ಬ, "ಅಂಗೈಯೇ ಸಾಕು ಅಂದ್ಮೇಲೆ ಕಿವಿ ಹೋದ್ರೆ ಏನಂತೆ?" ಎಂದು ಕೇಳಿಯೇ ಕೇಳುತ್ತಾನೆ. ಅದಕ್ಕೂ ಉತ್ತರ ಸಿದ್ಧವಿದೆ. ಬೇಸರ ಮಾಡಿಕೊಳ್ಳಬಾರದೆಂದು ಮೊದಲೇ ತಿಳಿಸುತ್ತಿದ್ದೇನೆ. ನಿಮ್ಮ ಮೊಮ್ಮಗಳು ನಿಮ್ಮ ಬೆನ್ನ ಹಿಂದೆ ನಿಂತು "ತಾತಾ" ಎಂದು ಕರೆಯುತ್ತಾಳೆ.

ಕರೆದದ್ದು ನಿಮಗೆ ಗೊತ್ತಾಗುವುದಿಲ್ಲ. ಅಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆ.

ನಿಮ್ಮ ಬಾಯಿಬಡುಕಿ ಮಗಳು