ಬಿದ್ದದ್ದನ್ನಷ್ಟೇ ಎಣಿಸಿದ ಅಧಿಕಾರಿಗಳಿಗೆ

ಒಳಾಂಗಣ ಕ್ರೀಡಾಂಗಣದ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಸಾಲದ್ದಕ್ಕೆ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ನಿಮ್ಮ ತಪಾಸಣಾ ವರದಿಯಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಉಳಿದದ್ದೆಲ್ಲ ತಪ್ಪು. ಆ ವರದಿಯನ್ನು ನಂಬಿಕೊಂಡು ನಮ್ಮ ರೋಲರ್ ಡರ್ಬಿ ತಂಡವನ್ನು ಹೊರಗೆ ಹಾಕಿ ಹಾಲ್‌ಗೆ ಬೀಗ ಜಡಿದಿದ್ದೀರಿ. ಅಂತರರಾಷ್ಟ್ರೀಯ ಪಂದ್ಯಕ್ಕೆ ಇನ್ನು ಇಪ್ಪತ್ತಮೂರು ದಿನ ಉಳಿದಿದೆ. ಬಿದ್ದರೆ ಮೂಳೆ ಮುರಿಯದಂಥ ಮರದ ನೆಲ ಊರಲ್ಲಿ ಇರುವುದು ಅದೊಂದೇ.

ಈ ಆಟ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗಾಲಿಯ ಬೂಟು ಹಾಕಿಕೊಂಡು ಮೊಟ್ಟೆಯಾಕಾರದ ಹಾದಿಯಲ್ಲಿ ಸುತ್ತಬೇಕು. ಎದುರಾಳಿಗಳನ್ನು ಭುಜ, ಸೊಂಟ ಕೊಟ್ಟು ತಡೆದು ನಮ್ಮವರೊಬ್ಬರನ್ನು ಮುಂದೆ ನುಸುಳಿಸಬೇಕು. ಹಾದಿಯ ಅಂಚಿಗೆ ಹಗ್ಗ ಹಾಸಿ ಅದರ ಮೇಲೆ ಟೇಪು ಅಂಟಿಸುತ್ತೇವೆ, ಕೆಳಗೆ ನೋಡದೆಯೇ ಅಂಚು ಗಾಲಿಗೆ ಗೊತ್ತಾಗಲಿ ಎಂದು. ಹಗ್ಗ ಹಾಸುವ ಕೆಲಸ ನನ್ನದು. ಜನರ ಜೊತೆ ಮಾತಾಡುವುದಕ್ಕಿಂತ ನನಗೆ ಅದು ಸುಲಭ.

ನೀವು ತಪಾಸಣೆಗೆ ಬಂದದ್ದು ಮಂಗಳವಾರ. ಮಂಗಳವಾರ ನಮ್ಮಲ್ಲಿ ಬೀಳುವ ದಿನ. ಸೀಟಿ ಊದಿದ ಕೂಡಲೇ ಹನ್ನೊಂದೂ ಜನ ಬೀಳಬೇಕು, ಮೂರು ಎಣಿಸುವುದರೊಳಗೆ ಏಳಬೇಕು. ಒಂದು ಗಂಟೆ ಅದೇ ಅಭ್ಯಾಸ. ನೀವು ಫೈಲು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಾಗ ನಮ್ಮ ನಾಯಕಿ ಒಂದು ಕೂಗು ಹಾಕಿದರು. ಅವರು ಬಸ್ಸು ಓಡಿಸುವವರು, ನಮಗೆಲ್ಲ ಡ್ರೈವರಕ್ಕ.

"ಸಾಹೇಬ್ರು ಬಂದ್ರು! ಎಲ್ರೂ ಚೆನ್ನಾಗಿ ಬೀಳ್ರಪ್ಪಾ, ಮರ್ಯಾದೆ ಪ್ರಶ್ನೆ!"

ಮರ್ಯಾದೆ ಉಳಿಸಲು ಬಿದ್ದೆವು. ನಾನಂತೂ ನಿಮಗೆ ಸರಿಯಾಗಿ ಕಾಣಲೆಂದು ನಿಮ್ಮ ಕಾಲಬುಡಕ್ಕೇ ಬಂದು ಬಿದ್ದೆ. ಅಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ಬಿದ್ದಿರಲಿಲ್ಲ. ನೀವು ಬೂಟು ಹಿಂದಕ್ಕೆ ಎಳೆದುಕೊಂಡು ಏನೋ ಬರೆದುಕೊಂಡಿರಿ. ಮೆಚ್ಚಿಕೊಂಡರು ಎಂದು ಸಂಜೆಯೆಲ್ಲ ಖುಷಿಯಲ್ಲಿದ್ದೆ.

ವರದಿ ಬಂತು. 'ಆಟಗಾರರು ನಿಲ್ಲಲೂ ಅಸಮರ್ಥರು. ಇಪ್ಪತ್ತು ನಿಮಿಷಗಳಲ್ಲಿ ನಲವತ್ತೊಂದು ಬಾರಿ ಬಿದ್ದಿರುತ್ತಾರೆ. ಸ್ಪರ್ಧೆಗೆ ಅನರ್ಹರು.' ನಲವತ್ತೊಂದೇ? ಮಾನ್ಯರೇ, ನಾನೊಬ್ಬಳೇ ಅಷ್ಟು ಬಿದ್ದಿದ್ದೇನೆ. ಉಳಿದ ಹತ್ತು ಜನ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಹೋಗಲಿ, ಬಿದ್ದವರು ಪ್ರತಿಸಲ ಎದ್ದರಲ್ಲ, ಆಗ ನಿಮ್ಮ ಪೆನ್ನು ಎಲ್ಲಿತ್ತು? ಏಳದೇ ಇದ್ದವರು ಎರಡನೇ ಸಲ ಬೀಳುವುದು ಹೇಗೆ?

ಎರಡನೇ ಪುಟ ಇನ್ನೂ ಸೊಗಸಾಗಿದೆ. ನಾವು ಪುರುಷರ ಕಾಲಮ್ಮಿಗೂ ಮಹಿಳೆಯರ ಕಾಲಮ್ಮಿಗೂ ಹೊಂದುವುದಿಲ್ಲವಂತೆ, ನಮ್ಮ ಹಾಗೆ ಆರು ದೇಶದಿಂದ ಬಂದವರು ಸೇರಿದರೆ ಅದು ತಂಡವೇ ಅಲ್ಲವಂತೆ. ನಮ್ಮ ತಂಡದ ಟೈಲರ್ ತಾವು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ಮೊದಲ ದಿನವೇ ಹೇಳಿದವರು. ನಾವು "ಸರಿ, ಬೂಟಿನ ಸೈಜ್ ಹೇಳಿ" ಎಂದೆವು, ಅಲ್ಲಿಗೆ ಮುಗಿಯಿತು. ವರದಿ ಓದಿ ಅವರು ನಕ್ಕುಬಿಟ್ಟರು. "ಇಪ್ಪತ್ತು ವರ್ಷದಿಂದ ಅಳತೆ ತಗೊಂಡು ಬಟ್ಟೆ ಕತ್ತರಿಸ್ತಿದ್ದೀನಿ. ಇವ್ರು ನೋಡಿ, ಬಟ್ಟೆ ಮೊದ್ಲೇ ಹೊಲಿದಿಟ್ಟು ಆಮೇಲೆ ಜನಾನ ಕತ್ತರಿಸ್ತಾರೆ!" ನಗು ಮುಗಿದ ಮೇಲೆ ತುಂಬ ಹೊತ್ತು ಬೂಟಿನ ದಾರ ಬಿಚ್ಚಿ ಕಟ್ಟುತ್ತಾ ಕೂತಿದ್ದರು. ಅದನ್ನೂ ನೀವು ನೋಡಬೇಕಿತ್ತು. ಪಂದ್ಯ ನಡೆಸುವವರ ಅರ್ಜಿಯಲ್ಲಿ ಆರು ದೇಶದ ಹೆಸರು ಬರೆದೆವು, ಅವರ ಕಾಗದದಲ್ಲಿ ಜಾಗ ಸಾಕಾಯಿತು. ನಿಮ್ಮ ಕಾಗದವೇನು ಅಷ್ಟು ಚಿಕ್ಕದೇ?

ನಾನು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆ ಮಡಚುವವಳು. ಯಂತ್ರದ ಸದ್ದಿಗೆ ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಅದಕ್ಕೇ ಆ ಕೆಲಸ ಹಿಡಿದೆ. ತಂಡಕ್ಕೆ ಬಂದ ಮೊದಲ ದಿನ ಕೈ ಚಾಚಿ ಬಿದ್ದೆ. ಡ್ರೈವರಕ್ಕನ ಗಾಲಿ ಬೆರಳ ಮೇಲೆ ಹತ್ತಿತು. "ಹಾಸಿಗೆ ಮೇಲೆ ಬಿದ್ದಂಗೆ ಬಿದ್ಯಲ್ಲೇ ಪುಟ್ಟೀ! ಮುಷ್ಟಿ ಕಟ್ಟಿ ಮುದುಡಿ ಬೀಳ್ಬೇಕು, ತಕ್ಷಣ ಏಳ್ಬೇಕು!" ಎಂದು ಬೈಯುತ್ತಲೇ ಅತ್ತರು. ಅಮ್ಮ ಬೆರಳಿನ ಪಟ್ಟಿ ನೋಡಿ, "ಸಾಕು ಮಗಳೇ, ಇನ್ನು ಹೋಗ್ಬೇಡ" ಎಂದಳು. ಮುಂದಿನ ಮಂಗಳವಾರ ಹೋದೆ. ಮುದುಡುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಚಿಕ್ಕಂದಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಮೂರು ಎಣಿಸುವುದರೊಳಗೆ ಏಳುವುದನ್ನು ಕಲಿತದ್ದು ನಿಮ್ಮದೇ ಹಾಲ್‌ನಲ್ಲಿ. ಅದರ ಫಲವೇ ಈ ಪತ್ರ, ಅನುಭವಿಸಿ.

ನಾವು ದಯೆ ಕೇಳುತ್ತಿಲ್ಲ. ಈ ವಾರವೇ ಬೀಗ ತೆಗೆಯಿರಿ. ವರದಿ ಹಿಂದಕ್ಕೆ ಪಡೆಯಿರಿ. ಇನ್ನೊಮ್ಮೆ ತಪಾಸಣೆ ಬೇಕಿದ್ದರೆ ಅಗತ್ಯವಾಗಿ ಬನ್ನಿ, ಆದರೆ ಈ ಸಲ ಎದ್ದದ್ದನ್ನೂ ಎಣಿಸಿ. ಗುರುವಾರ ಬಂದರೆ ಸ್ವಲ್ಪ ದೂರ ನಿಂತುಕೊಳ್ಳಿ, ಅಂದು ತಳ್ಳುವ ದಿನ. ಬೀಗ ತೆಗೆಯದಿದ್ದರೂ ನಾವು ಪಂದ್ಯಕ್ಕೆ ಹೋಗುವವರೇ. ಮಂಡಿ ತರಚಿಕೊಂಡು ಹೋಗುತ್ತೇವೆ, ಅಷ್ಟೇ ವ್ಯತ್ಯಾಸ.

ಇವತ್ತು ಬೆಳಿಗ್ಗೆ ಲಾಂಡ್ರಿಗೆ ಹೋಗುವ ಮೊದಲು ನಿಮ್ಮ ಕಚೇರಿಯ ಅಂಗಳಕ್ಕೆ ಬಂದಿದ್ದೆ. ಹಾಲ್ ಬಿಟ್ಟರೆ ಸಮತಟ್ಟಾದ ಜಾಗ ಅದೇ. ಕಸ ಗುಡಿಸಿ, ಹಗ್ಗ ಹಾಸಿ, ಸುತ್ತಲೂ ಟೇಪು ಅಂಟಿಸಿದ್ದೇನೆ. ನಿಮ್ಮ ಕಾರು ನಿಲ್ಲುವ ಜಾಗ ಸರಿಯಾಗಿ ನಮ್ಮ ಮೊಟ್ಟೆಯಾಕಾರದ ಹಾದಿಯ ನಡುವೆ ಬರುತ್ತದೆ. ಎಂದಿನಂತೆ ನಿಲ್ಲಿಸಿಕೊಳ್ಳಿ, ನಾವು ಸುತ್ತ ಹೋಗುತ್ತೇವೆ.

ಇಂತಿ,
ನಿಮ್ಮ ವರದಿಯ ಪ್ರಕಾರ ನಿಲ್ಲಲೂ ಬಾರದ,
ನಿಮ್ಮ ಕಾಲಬುಡದಲ್ಲಿ ಬಿದ್ದಿದ್ದ ಹುಡುಗಿ